ಸಂಶಯವು ಯಾವ ನುಡಿಯಲ್ಲಿ ಹುಟ್ಟುವುದು?

ಮಕ್ಕಳ ಬುದ್ಧಿ ಬೆಳೆಯಬೇಕಾದರೆ ಒಂದನೆಯ ತರಗತಿಯಿಂದಲೇ ಸಕಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಕಲಿಸಬೇಕೆಂಬ ಮಾತು ಈಗ ಹಳ್ಳಿಹಳ್ಳಿಯಲ್ಲಿಯೂ ಕೇಳಬರುತ್ತಿದೆ. ತಗಡೂರಿನ ಶಾಲೆಯಲ್ಲಿ ನನ್ನ ಸಹಪಾಠಿಗಳಾಗಿದ್ದ ಮಿತ್ರರೊಬ್ಬರು ಇದೇ ಪಕ್ಷವನ್ನು ಹಿಡಿದಿದ್ದಾರೆ. ಅವರಲ್ಲಿ ನನಗಿರುವ ವಿಶ್ವಾಸಕ್ಕೆ ಕುಂದಿಲ್ಲ. ಆದರೆ ಅವರ ವಾದವನ್ನು ಉತ್ತರವಿಲ್ಲದೆ ಬಿಡುವುದು ಊರ ಮಕ್ಕಳಿಗೆ ಹಿತವಲ್ಲ.

ಅವರ ವಾದಕ್ಕೆ ಎರಡು ಆಧಾರಗಳುಂಟು. ಭಾಷೆಯೇ ಆಲೋಚನೆಯ ಅಚ್ಚು, ವಿಜ್ಞಾನದ ಆಲೋಚನೆಗೆ ಇಂಗ್ಲಿಷಿನ ಅಚ್ಚೇ ಬೇಕು ಎಂಬುದೊಂದು. ಕನ್ನಡದಲ್ಲಿ ಓದಿ ಕಾಲೇಜಿಗೆ ಹೋದಾಗ ತಾವು ವರ್ಷವೆಲ್ಲ ಮೂಗರಂತೆ ಕುಳಿತಿರಬೇಕಾಯಿತು ಎಂಬುದು ಇನ್ನೊಂದು.

ಮೊದಲನೆಯದನ್ನು ವಿಚಾರಿಸೋಣ. ಅಮೆರಿಕದ ವೋರ್ಫ್ ಎಂಬ ವಿದ್ವಾಂಸನು 1940ರ ಸುಮಾರಿನಲ್ಲಿ ಇಂತಹ ಮತವನ್ನು ಪ್ರತಿಪಾದಿಸಿದ್ದುಂಟು. ಆದರೆ ಭಾಷೆಯು ಬುದ್ಧಿಗೆ ಸಂಕೋಲೆಯೆಂಬಷ್ಟು ಕಠಿಣವಾದ ರೂಪದಲ್ಲಿ ಅದನ್ನು ಈಗಿನ ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಒಪ್ಪುವುದಿಲ್ಲ. ಕೇಳುವವನನ್ನು ಒಳಗೊಂಡ ‘ನಾವು’ ಎಂಬುದಕ್ಕೆ ತೆಲುಗಿನಲ್ಲಿ ಒಂದು ಪದ, ಅವನನ್ನು ಬಿಟ್ಟ ‘ನಾವು’ ಎಂಬುದಕ್ಕೆ ಬೇರೊಂದು ಪದ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ. ಹಾಗೆಂದು ‘ನಾವು ಊಟಕ್ಕೆ ಹೋಗುತ್ತೇವೆ’ ಎಂದಾಗ ತಾನು ಆಹ್ವಾನಿತನೋ ಅಲ್ಲವೋ ಎಂಬುದನ್ನು ತಿಳಿಯಲಾರದ ಕನ್ನಡಿಗನುಂಟೆ? ಅಣ್ಣ ತಮ್ಮ ಎಂಬ ಭೇದವನ್ನು ಒಂದೇ ಪದದಲ್ಲಿ ತೋರಿಸದ ಇಂಗ್ಲಿಷರಿಗೆ ಹಿರಿಯನಾರು ಕಿರಿಯನಾರು ಎಂಬುದು ತಿಳಿಯದೆ ಹೋಯಿತೆ? ಪದವಿಲ್ಲದಿದ್ದರೆ ವಿಚಾರವೇ ಇಲ್ಲವೆನ್ನುವುದು ಅನುಭವಕ್ಕೆ ವಿರುದ್ಧ.

ಎರಡನೆಯದು ಅವರು ನಿಜವಾಗಿ ಪಟ್ಟ ಕಷ್ಟ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ಕಷ್ಟದಲ್ಲಿ ನಾನೂ ಅವರ ಜೊತೆಗಾರನಾಗಿದ್ದೆ. ಇಬ್ಬರಲ್ಲಿಯೂ ಉಳಿದುದೇನು, ಅಳಿದುದೇನು ಎಂದು ಹೋಲಿಸಿ ನೋಡಿದೆವು. ಸನ್ನೆಕೋಲಿನ ಪಾಠ ಇಬ್ಬರಿಗೂ ಉಳಿದಿತ್ತು. ಹೂತುಹೋದ ಗಾಡಿಯನ್ನು ಹಾರೆ ಕೊಟ್ಟು ಮೀಟುವುದನ್ನು ಕಂಡಿದ್ದ ನಮಗೆ ಇಂಗ್ಲಿಷಿನಲ್ಲಿ ಬೇಕಾದುದು ಒಂದು ಹೊಸ ಹೆಸರು ಮಾತ್ರ. ‘ದ್ಯುತಿಸಂಶ್ಲೇಷಣೆ’ಯಾದರೋ ಇಬ್ಬರಿಗೂ ಉಳಿದಿರಲಿಲ್ಲ. ಎಲೆಯು ಬಿಸಿಲಿನ ಬಲದಿಂದ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆಂದು ಯಾರೂ ಹೇಳದೆ, ಪದವನ್ನು ಉರು ಹೊಡೆಸಿದ್ದರು. ಇದನ್ನು ಮಿತ್ರರೂ ಅಲ್ಲಗಳೆಯಲಿಲ್ಲ. ಅರಿತದ್ದು ಭಾಷೆಯನ್ನು ದಾಟಿತು; ಉರು ಹೊಡೆದದ್ದು ಕನ್ನಡದಲ್ಲಿಯೇ ಸತ್ತಿತ್ತು. ಹೀಗಿರಲು ತಪ್ಪನ್ನು ಕನ್ನಡದ ಮೇಲೆ ಹೊರಿಸುವುದು ಯಾವ ನ್ಯಾಯ?

ಕನ್ನಡದಲ್ಲಿ ಪದಗಳಿಲ್ಲವೆನ್ನುವವರು ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದು ನೋಡಲಿ. ಆದರೆ ಕನ್ನಡದ ಅಭಿಮಾನಿಗಳಿಗೂ ಒಂದು ಮಾತು: ಮನೆಯ ಮಾತಿನ ವಿವರಣೆಯಿಲ್ಲದೆ ಕಠಿಣ ಪದವನ್ನು ಹೇರುವ ಉಪಾಧ್ಯಾಯನು ಕನ್ನಡದ ಹೆಸರಿನಲ್ಲಿ ಮತ್ತೊಂದು ಪರಭಾಷೆಯನ್ನೇ ಕಲಿಸುತ್ತಾನೆ.

ಸಂಶಯವೇ ವಿದ್ಯೆಯ ಬಾಗಿಲು. ಎಳೆಯ ಮಗುವಿಗೆ ಅದು ಹುಟ್ಟುವುದು ತಾಯಿಯೊಡನೆ ಆಡುವ ನುಡಿಯಲ್ಲಿ. ಬಾರದ ಭಾಷೆಗೆ ತಿರುಗಿಸಿಯೇ ಕೇಳಬೇಕೆಂದರೆ ಮಗು ಸಂಶಯವನ್ನು ನುಂಗಿಬಿಡುತ್ತದೆ. ನುಂಗುವುದನ್ನು ಕಲಿತವನು ಮುಂದೆ ಕೇಳುವುದನ್ನೇ ಮರೆಯುತ್ತಾನೆ.

ಬೋಧನೆಯ ಮಾಧ್ಯಮವು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆದರೆ ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯನ್ನು ಸರ್ಕಾರವು ಬಲವಂತಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಹೊರಟಿತು. ಆದುದರಿಂದ ಈಗ ತೀರ್ಮಾನವು ತಂದೆತಾಯಿಗಳ ಕೈಯಲ್ಲಿದೆ. ನನ್ನ ಬಿನ್ನಹವೂ ಅವರಿಗೇ.

ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ. ಅದನ್ನು ಒಂದು ಭಾಷೆಯಾಗಿ, ಬಲ್ಲವರಿಂದ, ಚೆನ್ನಾಗಿ ಕಲಿಸಲಿ. ಲೆಕ್ಕವನ್ನೂ ವಿಜ್ಞಾನವನ್ನೂ ಮಗುವಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಕಾಲೇಜಿಗೆ ಬಂದ ಹಳ್ಳಿಯ ಹುಡುಗನಿಗೆ ಮೊದಲ ವರ್ಷವಾದರೂ ಕನ್ನಡದಲ್ಲಿ ಪ್ರಶ್ನೆ ಕೇಳಲು ಅವಕಾಶವಿರಲಿ. ನನ್ನ ಮಿತ್ರರನ್ನು ಮೂಗರನ್ನಾಗಿಸಿದ್ದು ಈ ಸೇತುವೆಯ ಅಭಾವ. ಅದನ್ನು ಕಟ್ಟುವ ಬದಲು, ಆರು ವರ್ಷದ ಕೂಸನ್ನು ಅದೇ ಹೊಳೆಗೆ ನೂಕುವುದು ಪರಿಹಾರವೆಂದು ಯಾವ ವಿವೇಕಿಯೂ ಹೇಳಲಾರನು.