ಮೀನಿನ ಬಾಲದ ವಿಚಾರಣೆ

ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಒಂದು ನಿಯಮ ಬಾಯಿಪಾಠವಾಗಿದೆ. ವಿಚಾರಣೆಯಿಲ್ಲದೆ ಯಾರಿಗೂ ದಂಡನೆ ಕೂಡದು. ಕಚೇರಿಯಲ್ಲಿ ಹತ್ತು ವರ್ಷ ಪಾಲಿಸಿಕೊಂಡು ಬಂದ ಈ ನಿಯಮವನ್ನು ಮನೆಯಲ್ಲಿ ಒಂದೇ ಸಂಜೆಗೆ ಮುರಿದೆವು. ಅದಕ್ಕೆ ಕಾರಣ ಒಂದು ಮೀನಿನ ಬಾಲ.

ಮುಂಬಯಿಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ನಾಯಿಗೆ ಜಾಗವಿಲ್ಲ, ಬೆಕ್ಕಿಗೆ ಮನೆಯವರ ಒಪ್ಪಿಗೆಯಿಲ್ಲ. ಆದಕಾರಣ ಮಗನ ಹುಟ್ಟುಹಬ್ಬಕ್ಕೆ ಬೆಟ್ಟಾ ಮೀನೊಂದನ್ನು ತಂದೆವು. ಇದರ ತವರು ಥಾಯ್ಲೆಂಡಿನ ಗದ್ದೆ, ಜೌಗುಗಳ ನಿಂತ ನೀರು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ನಮ್ಮ ಮನೆಗೆ ಬಂದದ್ದು ‘ಹಾಫ್‌ಮೂನ್’ ಬಗೆ; ಬಾಲ ಬಿಚ್ಚಿದರೆ 180 ಡಿಗ್ರಿಯ ಅರ್ಧಚಂದ್ರ. ಮಗ ‘ರಾಜಾ’ ಎಂದು ಹೆಸರಿಟ್ಟ. ರಾಜನ ಅರಮನೆ ಮಾತ್ರ ಮೂರು ಲೀಟರಿನ ಗಾಜಿನ ಬೋಗುಣಿ!

ಮೂರನೆಯ ವಾರ ನೋಡುತ್ತೇವೆ, ಬಾಲದ ಅಂಚು ಹಳೆಯ ಧೋತರದಂತೆ ಎಳೆಯೆಳೆಯಾಗಿದೆ. ಅದೇ ಹೊತ್ತಿಗೆ ಮಗನ ಕೈ ಬೋಗುಣಿಯೊಳಗೆ! “ನೀನೇ ಹಿಡಿದು ಹರಿದಿದ್ದೀಯೆ” ಎಂದು ಗದರಿದೆವು.

“ಇಲ್ಲಪ್ಪಾ, ತಳಕ್ಕೆ ಬಿದ್ದ ಕಾಳು ತೆಗೀತಿದ್ದೆ” ಎಂದ.

ನಾವು ಕೇಳಲಿಲ್ಲ. ಎಂಟು ದಿನ ಮೀನಿನ ಹತ್ತಿರ ಸುಳಿಯಕೂಡದೆಂದು ಅಪ್ಪಣೆಯಾಯಿತು. ಹುಡುಗ ಮಾತಿಲ್ಲದೆ ಉಂಡ, ಮಾತಿಲ್ಲದೆ ಶಾಲೆಗೆ ಹೋದ.

ಎಂಟು ದಿನ ಬೋಗುಣಿಗೆ ಅವನ ಕೈ ಸೋಕಲಿಲ್ಲ. ಬಾಲ ಮಾತ್ರ ಇನ್ನೂ ಸವೆಯಿತು. ನಮ್ಮ ಎದೆ ಧಸಕ್ಕೆಂದಿತು. ಮೇಲಿನ ಮಹಡಿಯಲ್ಲಿ ಬಹುಕಾಲದಿಂದ ಮೀನು ಸಾಕುವ, ಉಡುಪಿ ಕಡೆಯ ರಾಯರನ್ನು ಕರೆತಂದೆವು. ಅವರು ಭೂತಗನ್ನಡಿ ಹಿಡಿದು ನೋಡಿ, “ಔಷಧ ಆಮೇಲಾಯಿತು. ಒಂದೇ ರಾತ್ರಿಯಲ್ಲಿ ಹೀಗಾಯಿತೋ, ದಿನದಿನಕ್ಕೆ ಹೆಚ್ಚಿತೋ?” ಎಂದು ಕೇಳಿದರು. ಬಾಲ ಕೆಡಲು ಮುಖ್ಯವಾಗಿ ಮೂರು ಕಾರಣಗಳಂತೆ.

ಬಾಲ ನೇರವಾಗಿ ಸೀಳಿದ್ದು, ಅಂಚಿನ ಬಣ್ಣ ಕೆಡದಿದ್ದರೆ, ಅದು ಪ್ಲಾಸ್ಟಿಕ್ ಗಿಡಕ್ಕೋ ಒರಟು ಗೊಂಬೆಗೋ ಸಿಕ್ಕಿ ಹರಿದದ್ದು. ಹಳೆಯ ರೇಷ್ಮೆ ಸೀರೆಯ ತುಂಡನ್ನು ಆ ವಸ್ತುವಿನ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ವಸ್ತು ಹೊರಕ್ಕೆ.

ಬೆಳಗಾಗುವುದರೊಳಗೆ ಅರ್ಧವೃತ್ತದಂಥ ತುಂಡು ಮಾಯವಾಗಿದ್ದರೆ, ಮೀನು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರಬಹುದು. ಬಾಲದ ಭಾರ, ನೀರಿನ ಜೋರು ಸೆಳೆತ, ಗಾಜಿನಲ್ಲಿ ಕಾಣುವ ತನ್ನದೇ ಬಿಂಬ, ಇವೆಲ್ಲ ಅದನ್ನು ಕೆರಳಿಸುತ್ತವೆ. ಸೆಳೆತ ತಗ್ಗಿಸಿ, ಅಡಗಲು ಎಲೆಯ ಮರೆ ಕೊಡಬೇಕು.

ಅಂಚು ಕಪ್ಪಾಗಿಯೋ ಕೆಂಪಾಗಿಯೋ ಬೆಳ್ಳಗಾಗಿಯೋ ತಿರುಗಿ, ದಿನದಿನಕ್ಕೆ ಬುಡದತ್ತ ಸವೆಯುತ್ತ ಬಂದರೆ ಅದು ಬ್ಯಾಕ್ಟೀರಿಯಾದಿಂದಾಗುವ ಕೊಳೆರೋಗ. ಕೆಟ್ಟ ನೀರಿನಲ್ಲಿ ಮೀನಿನ ಶಕ್ತಿ ಕುಂದಿದಾಗಲೇ ಅದು ಹೆಚ್ಚಾಗಿ ಮೇಲೆ ಬೀಳುವುದು.

ರಾಜನ ಬಾಲದಂಚು ಕಪ್ಪು. “ನೀರು ಬದಲಿಸುವವರು ಯಾರು?” ಎಂದರು ರಾಯರು.

“ನಾವೇ. ಪ್ರತಿ ಭಾನುವಾರ ಎಲ್ಲ ಚೆಲ್ಲಿ, ಬೋಗುಣಿ ತಿಕ್ಕಿ, ನಲ್ಲಿಯ ನೀರು ತುಂಬುತ್ತೇವೆ” ಎಂದೆವು ಹೆಮ್ಮೆಯಿಂದ. ಕಾಳು? ಬೆಳಿಗ್ಗೆ ನಾವು, ಮಧ್ಯಾಹ್ನ ಮನೆಯವರು, ಸಂಜೆ ಮಗಳು, ತಲಾ ಒಂದು ಚಿಟಿಕೆ.

ರಾಯರು ನಕ್ಕರು. “ಅಪರಾಧಿ ಸಿಕ್ಕಿದ ಬಿಡಿ. ಉಳಿದ ಕಾಳೂ ಮಲವೂ ಕೊಳೆತು ಅಮೋನಿಯಾ ಆಗುತ್ತದೆ. ಭಾನುವಾರ ನಲ್ಲಿಯ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಕಾಳು ತೆಗೆಯುತ್ತಿದ್ದ ಹುಡುಗನೊಬ್ಬನೇ ಈ ಮನೆಯಲ್ಲಿ ಮೀನಿಗೆ ಉಪಕಾರ ಮಾಡಿದವನು.”

ಬಾಗಿಲ ಮರೆಯಲ್ಲಿ ಮಗ ನಿಂತಿದ್ದ. “ತಪ್ಪು ನಮ್ಮದು ಮಗಾ” ಎಂದೆವು. ಹೇಳುವುದು ಸುಲಭವಾಗಿರಲಿಲ್ಲ.

ಈಗ ರಾಜ 20 ಲೀಟರಿನ ತೊಟ್ಟಿಯಲ್ಲಿದ್ದಾನೆ. ಮೆಲ್ಲಗೆ ನಡೆಯುವ ಸ್ಪಂಜಿನ ಫಿಲ್ಟರ್ ಇದೆ. ಈ ಮೀನು ಉಸಿರಿಗಾಗಿ ಮೇಲೆ ಬರುತ್ತದೆ, ಹಾರುವುದೂ ಉಂಟು. ಆದ್ದರಿಂದ ಗಾಳಿಯಾಡುವ ಮುಚ್ಚಳ ಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಸಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಪರೀಕ್ಷೆಯ ಕಿಟ್ ಬಳಸಿ, ಅಮೋನಿಯಾ ಅಥವಾ ನೈಟ್ರೈಟ್ ಕಂಡ ಕೂಡಲೇ ಕಾಲುಭಾಗ ನೀರು ಬದಲಿಸಬೇಕು. ಅನಂತರ ವಾರಕ್ಕೊಮ್ಮೆ ಕಾಲುಭಾಗ ಬದಲಿಸಿದರೆ ಸಾಕು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಬೇಕು. ಸ್ಪಂಜನ್ನು ನಲ್ಲಿಯಡಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ನೀರಿನ ಶಾಖ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ದೆಹಲಿ, ಪುಣೆಯ ಬಂಧುಗಳಿಗೆ ಚಳಿಗಾಲದಲ್ಲಿ ಹೀಟರ್ ಬೇಕಾದೀತು. ಕೊಳೆ ಬಾಲದ ಬುಡ ಮುಟ್ಟಿದರೆ, ಮೀನು ಆಹಾರ ಬಿಟ್ಟರೆ, ಮೀನು ಬಲ್ಲ ಪಶುವೈದ್ಯರನ್ನು ಕೇಳಬೇಕು.

ಮೊನ್ನೆ ಬೆಳಿಗ್ಗೆ ಮಗ ಕೂಗಿದ, “ಅಪ್ಪಾ, ಬಾಲದ ತುದೀಲಿ ಗಾಜಿನ ಹಾಗೆ ಏನೋ ಬಂದಿದೆ!” ಅದು ಹೊಸ ಬಾಲ, ಮೊದಲು ಬಣ್ಣವಿಲ್ಲದೆ ತೆಳ್ಳಗೆ ಪಾರದರ್ಶಕವಾಗಿ ಮೊಳೆಯುತ್ತದೆಂದು ರಾಯರು ಹೇಳಿದ್ದರು.

ಕಾಳು ಹಾಕುವ ಅಧಿಕಾರ ಈಗ ಮಗನೊಬ್ಬನದೇ. ನಾವು ಕೇಳಿ ಹಾಕುತ್ತೇವೆ.