ಪಟ್ಟಿ ಮೊದಲು, ಬರ ಆಮೇಲೆ

ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಅಧಿಕೃತವಾಗಿ ಬಾಗಿಲು ಮುಚ್ಚಿತು. ರಕ್ಷಣಾ ವೆಚ್ಚಕ್ಕೆ ಹಣ ಹೊಂದಿಸಲು ಬ್ರಿಟನ್ ಕೂಡ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ವೇಳೆಗೆ ಶೇ 0.3ಕ್ಕೆ ಇಳಿಸುವುದಾಗಿ ಘೋಷಿಸಿದೆ. ಇರುವ ಅಲ್ಪ ಹಣದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ವಾದ ಸಲೀಸಾಗಿ ಗೆಲ್ಲುತ್ತದೆ. ಸೊಮಾಲಿಯಾ, ಯೆಮೆನ್‌ನಂಥ ದೇಶಗಳಿಗೆ ಜೀವ ಉಳಿಯುವಷ್ಟು ತುರ್ತು ಆಹಾರ ಕಳಿಸಿದರೆ ಸಾಕು. ಬಡವರ ಪಟ್ಟಿ ಮಾಡಿ ನಿಯಮಿತವಾಗಿ ಹಣ ಹಾಕುವ ಸಾಮಾಜಿಕ ಭದ್ರತೆಯೆಲ್ಲ ಗಟ್ಟಿ ಸರ್ಕಾರ ಇರುವ ಕಡೆ ನಡೆಯುವಂಥದ್ದು. ಮೊದಲು ಶಾಂತಿ ನೆಲೆಸಲಿ, ಆಮೇಲೆ ನೋಡೋಣ ಎಂಬುದು ಆ ವಾದ. ಮೇಲ್ನೋಟಕ್ಕೆ ಇದು ವ್ಯವಹಾರ ಬಲ್ಲವರ ಮಾತು. ಆದರೆ ಆ ದೇಶಗಳಲ್ಲೇ ಕಳೆದ ಹದಿನೈದು ವರ್ಷಗಳಲ್ಲಿ ಆಗಿದ್ದನ್ನು ನೋಡಿದರೆ ಇದು ಪೂರ್ತಿ ತಲೆಕೆಳಗಾದ ಲೆಕ್ಕ.

2011ರ ಸೊಮಾಲಿಯಾವನ್ನು ತೆಗೆದುಕೊಳ್ಳಿ. ಮಳೆ ಕೈಕೊಡಲಿದೆ ಎಂಬ ಮುನ್ಸೂಚನೆ 2010ರಲ್ಲೇ ಸಿಕ್ಕಿತ್ತು. ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು ಮಾತ್ರ 2011ರ ಜುಲೈ 20ರಂದು. ಅಷ್ಟರಲ್ಲಾಗಲೇ, ಮೇ ತಿಂಗಳಿಂದ, ತಿಂಗಳಿಗೆ ಸುಮಾರು 30,000 ಜನ ಸಾಯುತ್ತಿದ್ದರು. ಒಟ್ಟು ಸತ್ತವರು ಸುಮಾರು 2.6 ಲಕ್ಷ, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಅಲ್‌-ಶಬಾಬ್ ಉಗ್ರರು ನೆರವು ಸಂಸ್ಥೆಗಳನ್ನು ಹೊರದಬ್ಬಿದ್ದು, ನೆರವು ಉಗ್ರರ ಪಾಲಾದೀತೆಂಬ ಭಯದಿಂದ ಅಮೆರಿಕ ಕೈ ಹಿಂದೆಗೆದದ್ದು ಇದಕ್ಕೆ ಕಾರಣ ಎಂಬುದು ನಿಜ. ಆದರೆ ಹಣ ಬಂದ ಮೇಲೂ ಅದು ಯಾರಿಗೆ ಸೇರಬೇಕು, ಅವರು ಯಾವ ಊರಲ್ಲಿದ್ದಾರೆ, ಅವರ ಕೈಗೆ ಮುಟ್ಟಿಸುವುದು ಹೇಗೆ ಎಂದು ಹೇಳಬಲ್ಲ ಪಟ್ಟಿ ಆ ದೇಶದ ಬಳಿ ಇರಲಿಲ್ಲ. ಜನ ಸಾಯುತ್ತಿರುವಾಗಲೇ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ.

ಯೆಮೆನ್‌ನಲ್ಲಿ ಹಾಗಾಗಲಿಲ್ಲ. ವಿಧವೆಯರು, ವೃದ್ಧರು, ಅಂಗವಿಕಲರು, ಕಡುಬಡವರಿಗಾಗಿ ಅಲ್ಲಿ 1996ರಲ್ಲೇ ಸಾಮಾಜಿಕ ಕಲ್ಯಾಣ ನಿಧಿ ಸ್ಥಾಪನೆಯಾಗಿತ್ತು. 2015ರಲ್ಲಿ ಯುದ್ಧ ಭುಗಿಲೆದ್ದಾಗ ಪಾವತಿ ನಿಂತಿತು, ಆಡಳಿತ ಸನಾ ಮತ್ತು ಏಡನ್ ನಡುವೆ ಇಬ್ಭಾಗವಾಯಿತು. ಪಟ್ಟಿ ಮಾತ್ರ ಉಳಿಯಿತು. 2017ರಿಂದ ವಿಶ್ವ ಬ್ಯಾಂಕಿನ ಹಣದಲ್ಲಿ ಯುನಿಸೆಫ್ ಅದೇ ಹಳೆಯ ಪಟ್ಟಿ ಹಿಡಿದು ಸುಮಾರು 15 ಲಕ್ಷ ಕುಟುಂಬಗಳಿಗೆ, ಅಂದರೆ 90 ಲಕ್ಷದಷ್ಟು ಜನರಿಗೆ, ಎರಡೂ ಬಣಗಳ ಸೀಮೆಯಲ್ಲಿ ಹಣ ತಲುಪಿಸಿತು. ಪಾವತಿ ಕೇಂದ್ರಕ್ಕೆ ಬರಲಾಗದ ವೃದ್ಧರು, ರೋಗಿಗಳ ಬಳಿಗೆ ಸಿಬ್ಬಂದಿಯೇ ಹೋದರು. ಪಟ್ಟಿಯಲ್ಲಿ ಕುಂದುಗಳಿದ್ದವು: ಯುದ್ಧದಿಂದ ಹೊಸದಾಗಿ ಬೀದಿಗೆ ಬಿದ್ದವರ ಹೆಸರು ಅದರಲ್ಲಿರಲಿಲ್ಲ, ರಿಯಾಲ್ ಕುಸಿದಂತೆ ಕೈಗೆ ಬಂದ ಹಣದ ಬೆಲೆಯೂ ಕರಗಿತು. ಆದರೆ ಇವು ಪಟ್ಟಿಯನ್ನು ಪರಿಷ್ಕರಿಸಲು ಇರುವ ಕಾರಣಗಳೇ ಹೊರತು ಪಟ್ಟಿಯೇ ಬೇಡ ಎನ್ನಲು ಅಲ್ಲ. ಸರ್ಕಾರ ಒಡೆದುಹೋದ ಮೇಲೂ ಕೆಲಸಕ್ಕೆ ಬಂದದ್ದು ಶಾಂತಿಯ ಕಾಲದಲ್ಲಿ ಬರೆದಿಟ್ಟ ಆ ಹೆಸರುಗಳು.

ಸೊಮಾಲಿಯಾ ಈ ಪಾಠವನ್ನು ತಡವಾಗಿಯಾದರೂ ಕಲಿತಿದೆ. 2020ರಲ್ಲಿ ವಿಶ್ವ ಬ್ಯಾಂಕಿನ ಅನುದಾನದಿಂದ ಆರಂಭವಾದ ‘ಬಹ್ನಾನೊ’ ಯೋಜನೆಯ ಗುರಿ, ಐದು ವರ್ಷದೊಳಗಿನ ಮಕ್ಕಳಿರುವ 2 ಲಕ್ಷ ಬಡ ಕುಟುಂಬಗಳಿಗೆ ತಿಂಗಳಿಗೆ 20 ಡಾಲರ್ ಕೊಡುವುದು. ಮೂರು ತಿಂಗಳಿಗೊಮ್ಮೆ 60 ಡಾಲರ್ ನೇರ ಮೊಬೈಲಿಗೇ ಬರುತ್ತದೆ. ಬ್ಯಾಂಕ್ ಶಾಖೆಯನ್ನೇ ಕಾಣದ ಊರಲ್ಲೂ ಅಂಗಡಿಯವನು ಅಕ್ಕಿ, ಎಣ್ಣೆಗೆ ಮೊಬೈಲಿನಲ್ಲೇ ದುಡ್ಡು ಪಡೆಯುವ ದೇಶವಿದು. ಗುರಿ ಪೂರ್ತಿ ಮುಟ್ಟಿದರೂ ವರ್ಷಕ್ಕೆ ಬೇಕಾಗುವುದು 4.8 ಕೋಟಿ ಡಾಲರ್. 2022ರ ಬರದಲ್ಲಿ ಇದೇ ದೇಶಕ್ಕಾಗಿ ವಿಶ್ವಸಂಸ್ಥೆ ಕೇಳಿದ್ದು 200 ಕೋಟಿ ಡಾಲರಿಗೂ ಹೆಚ್ಚು. ಯಾವುದು ದುಬಾರಿ ಎಂಬುದನ್ನು ಮಿತವ್ಯಯದ ಮಾತಾಡುವವರೇ ಹೇಳಲಿ.

ಹಣ ಕಳ್ಳರ ಪಾಲಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಜಮೀನಿನ ಮಾಲೀಕರು, ಸ್ಥಳೀಯ ಅಧಿಕಾರಿಗಳು ಬಡವರ ಹಣದಲ್ಲಿ ಪಾಲು ಕಿತ್ತುಕೊಳ್ಳುತ್ತಿದ್ದುದನ್ನು 2023ರ ವಿಶ್ವಸಂಸ್ಥೆಯ ತನಿಖೆಯೇ ಬಯಲು ಮಾಡಿತು. ಆದರೆ ಕಳವಾಗುವುದು ನಗದು ಮಾತ್ರವೇ? ಅದೇ ವರ್ಷ ಇಥಿಯೋಪಿಯಾದಲ್ಲಿ ಹಸಿದವರಿಗೆ ಹೋಗಬೇಕಿದ್ದ ಗೋಧಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದರಿಂದ ಅಮೆರಿಕ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಇಡೀ ದೇಶಕ್ಕೆ ತಿಂಗಳುಗಟ್ಟಲೆ ಆಹಾರ ನಿಲ್ಲಿಸಿದವು. ಬಂದರು, ಗೋದಾಮು, ಲಾರಿ ಎಂದು ಹತ್ತು ಕೈ ದಾಟುವ ಮೂಟೆಗಿಂತ ಹೆಸರು ಹೆಸರಿಗೂ ಲೆಕ್ಕ ಇರುವ ಪಾವತಿಯ ಜಾಡು ಹಿಡಿಯುವುದು ಸುಲಭ. ಅಲ್ಲದೆ, ನೆರವು ಶಿಬಿರದಲ್ಲಿ ಮಾತ್ರ ಸಿಗುವ ತನಕ ಜನ ಊರು ಬಿಟ್ಟು ಅಲ್ಲಿಗೇ ಬರುತ್ತಾರೆ. ಅದು ಊರಿಗೇ ಬಂದರೆ ಶಿಬಿರದ ದಲ್ಲಾಳಿಯ ಹಿಡಿತ ಸಡಿಲವಾಗುತ್ತದೆ.

ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತು ‘ಬಿಟ್ಟಿ ಭಾಗ್ಯ’ ಎಂಬ ಮೂದಲಿಕೆ ಕೇಳಿ ರೂಢಿಯಾದ ಕನ್ನಡಿಗರಿಗೆ ಹೊಸದಲ್ಲ. ಆದರೆ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಯೋಜನೆಗಳ ಅಂಕಿಅಂಶ ಜಾಲಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಗದು ಪಡೆದವರು ದುಡಿಮೆ ಬಿಟ್ಟರು ಎನ್ನಲು ಆಧಾರ ಸಿಗಲಿಲ್ಲ. ಹಣ ಕುಡಿತ, ತಂಬಾಕಿಗೆ ಹೋಗುತ್ತದೆಯೇ ಎಂದು 19 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಶ್ವ ಬ್ಯಾಂಕಿನ ಸಂಶೋಧಕರಿಗೂ ಅಂಥ ಹೆಚ್ಚಳ ಕಾಣಲಿಲ್ಲ. ಹಾಗೆಂದು ನಗದು ಎಲ್ಲ ಕಡೆಗೂ ಸಲ್ಲುವುದಿಲ್ಲ. ಮುತ್ತಿಗೆಯಲ್ಲಿ ಸಿಕ್ಕಿದ, ಅಂಗಡಿಯಲ್ಲಿ ಧಾನ್ಯವೇ ಇಲ್ಲದ ಊರಿಗೆ ಹಣ ಕಳಿಸಿದರೆ ಬೆಲೆ ಏರುತ್ತದೆಯೇ ವಿನಾ ಹೊಟ್ಟೆ ತುಂಬುವುದಿಲ್ಲ. ಅಲ್ಲಿಗೆ ಆಹಾರವೇ ಹೋಗಬೇಕು. ಆದರೆ ಆ ಆಹಾರವನ್ನು ಯಾರ ಮನೆಗೆ ಒಯ್ಯಬೇಕೆಂದು ತಿಳಿಯಲೂ ಪಟ್ಟಿಯೇ ಬೇಕು.

ಕಡಿಮೆ ಆದಾಯದ ದೇಶಗಳಲ್ಲಿ ಯಾವುದಾದರೂ ಒಂದು ಸಾಮಾಜಿಕ ಭದ್ರತಾ ಸೌಲಭ್ಯ ಇರುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿ. ದಾನಿ ದೇಶಗಳಿಗೆ ಕಡಿತ ಮಾಡಲೇಬೇಕಿದ್ದರೆ ಮಾಡಲಿ. ಆದರೆ ಬಡವರ ಪಟ್ಟಿ, ಅವರಿಗೆ ಹಣ ತಲುಪಿಸುವ ದಾರಿ, ಎರಡನ್ನೂ ಕಾಯುವ ಸ್ಥಳೀಯ ನೌಕರರ ಸಂಬಳ, ಈ ಮೂರಕ್ಕೆ ಕತ್ತರಿ ಬೀಳಕೂಡದು. ಇವತ್ತು ಅಲ್ಲಿ ಉಳಿಸಿದ ಹಣಕ್ಕೆ ಮುಂದಿನ ಬರದಲ್ಲಿ ಮಕ್ಕಳು ಜೀವ ತೆರಬೇಕಾಗುತ್ತದೆ.