ಪಡಿತರ ಚೀಟಿ ಮತ್ತು ಬಡವನ ಪ್ರಾಮಾಣಿಕತೆ

ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಅರ್ಹತೆಯನ್ನು ಅಳೆಯಲು ಬಳಸುತ್ತ ಬಂದಿರುವ ಕುಟುಂಬದ ವರಮಾನ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಇದನ್ನು 365ರಿಂದ ಭಾಗಿಸಿದರೆ ದಿನವೊಂದಕ್ಕೆ ಬರುವುದು ಸುಮಾರು 329 ರೂಪಾಯಿ. ಒಬ್ಬ ವ್ಯಕ್ತಿಗಲ್ಲ, ಇಡೀ ಕುಟುಂಬಕ್ಕೆ. ಇನ್ನೊಂದೆಡೆ, 2025-26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ಕೇಂದ್ರ ಸರಕಾರ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. ಅಂದರೆ, ಒಬ್ಬ ಕೂಲಿಯಾಳಿಗೆ ದಿನಕ್ಕೆ ಇಷ್ಟಾದರೂ ಸಿಗಬೇಕೆಂದು ಒಂದು ಸರಕಾರ ಹೇಳಿದರೆ, ಇಡೀ ಕುಟುಂಬಕ್ಕೆ ಅದಕ್ಕಿಂತ ಹೆಚ್ಚು ಸಿಕ್ಕಿದರೆ ಅದು ಬಡ ಕುಟುಂಬವೇ ಅಲ್ಲವೆಂದು ಇನ್ನೊಂದು ಸರಕಾರ ಹೇಳುತ್ತದೆ!

ಲೆಕ್ಕವನ್ನು ಒಂದು ಊರಿಗೆ ತಂದು ನೋಡೋಣ. ಹಾಸನದ ಸಮೀಪ, ಅರಸೀಕೆರೆಯ ದಿಕ್ಕಿನಲ್ಲಿ ಕೊರವಂಗಲವೆಂಬ ಹಳ್ಳಿಯಿದೆ. ಹೊಯ್ಸಳರ ಕಾಲದ ಬೂಚೇಶ್ವರ ದೇವಾಲಯದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ಅಂತಹ ಊರಿನಲ್ಲಿ ತುಂಡು ಭೂಮಿಯೂ ಇಲ್ಲದ ದಂಪತಿಗಳು ವರ್ಷದಲ್ಲಿ ತಲಾ 170 ದಿನ ಇದೇ ದರದಲ್ಲಿ ದುಡಿದರೆಂದು ಭಾವಿಸಿ. ಅವರ ಗಳಿಕೆ 1,25,800 ರೂಪಾಯಿ. ಮಿತಿ ದಾಟಿತು. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಕೆಲಸವೇ ಇರಲಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈ ದಂಪತಿಗಳ ಮುಂದಿರುವುದು ಎರಡೇ ದಾರಿ: ನಿಜ ಹೇಳಿ ಚೀಟಿ ಕಳೆದುಕೊಳ್ಳುವುದು ಅಥವಾ ಸುಳ್ಳು ಹೇಳಿ ಅನ್ನ ಉಳಿಸಿಕೊಳ್ಳುವುದು. ಬಡವರು ಸುಳ್ಳು ಹೇಳಿ ಚೀಟಿ ಪಡೆಯುತ್ತಾರೆಂದು ದೂರುವವರು, ಆ ಸುಳ್ಳನ್ನು ಅವರ ಬಾಯಿಗೆ ತುರುಕಿದವರಾರು ಎಂದೂ ಕೇಳಬೇಡವೇ?

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಅನರ್ಹರ ಚೀಟಿ ರದ್ದುಗೊಳಿಸುವ ಕಾರ್ಯಾಚರಣೆ ನಡೆದಾಗ ಎದ್ದ ಕೋಲಾಹಲ ಓದುಗರಿಗೆ ನೆನಪಿರಬಹುದು. ಕೊನೆಗೆ, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಚೀಟಿಗೆ ಕೈ ಹಚ್ಚಬಾರದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸೂಚಿಸಬೇಕಾಯಿತು. ಕಾರು, ಬಂಗಲೆ ಇದ್ದವರು ಬಡವರ ಅಕ್ಕಿ ಪಡೆಯುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಜರಡಿ ಹಿಡಿಯುವಾಗ ಹೊಟ್ಟಿನ ಜೊತೆ ಕಾಳೂ ಹಾರಿಹೋದರೆ ಹೊಣೆ ಯಾರದು? ಅನರ್ಹನೊಬ್ಬನಿಗೆ ಅಕ್ಕಿ ಹೋದರೆ ಸರಕಾರಕ್ಕೆ ಒಂದಿಷ್ಟು ನಷ್ಟ. ಅರ್ಹನೊಬ್ಬನ ಹೆಸರು ಅಳಿಸಿಹೋದರೆ ಒಂದು ಮನೆಯ ಒಲೆಯೇ ಆರುತ್ತದೆ. ಇವೆರಡೂ ಸಮಾನ ತಪ್ಪುಗಳಲ್ಲ.

ನಿಜವಾಗಿ, ಈ ಗೆರೆ ಎಳೆಯುವ ಚಟ ಹಳೆಯದೇನೂ ಅಲ್ಲ. 1997ರ ಜೂನ್‌ವರೆಗೆ ಪಡಿತರ ವ್ಯವಸ್ಥೆ ಎಲ್ಲರಿಗೂ ಸೇರಿದ್ದಾಗಿತ್ತು. ಬಡತನ ರೇಖೆಗಿಂತ ಮೇಲಿನವರು, ಕೆಳಗಿನವರು ಎಂಬ ವಿಂಗಡಣೆ ಜಾರಿಗೆ ಬಂದದ್ದು ಸಂಯುಕ್ತ ರಂಗದ ಆಳ್ವಿಕೆಯಲ್ಲಿ, ಇದೇ ಹಾಸನ ಜಿಲ್ಲೆಯ ದೇವೇಗೌಡರು ಪ್ರಧಾನಿ ಹುದ್ದೆ ತೊರೆದ ಕೆಲವೇ ವಾರಗಳಲ್ಲಿ. ನೆರೆಯ ತಮಿಳುನಾಡು ಮಾತ್ರ ಈ ವಿಂಗಡಣೆಯನ್ನು ಒಪ್ಪದೆ ಸಾರ್ವತ್ರಿಕ ಪಡಿತರವನ್ನೇ ಉಳಿಸಿಕೊಂಡಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೊ, ಅಂತ್ಯೋದಯ ಕುಟುಂಬಕ್ಕೆ 35 ಕಿಲೊ ಧಾನ್ಯವನ್ನು ಹಕ್ಕಾಗಿ ಕೊಟ್ಟಿತೇನೋ ನಿಜ. ಆದರೆ ಫಲಾನುಭವಿಗಳ ಸಂಖ್ಯೆಯನ್ನು 2011ರ ಜನಗಣತಿಗೆ ಕಟ್ಟಿಹಾಕಲಾಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮಕ್ಕಳು ಹುಟ್ಟಿದರು, ಕುಟುಂಬಗಳು ಒಡೆದು ಬೇರೆಯಾದವು, ಕೇಂದ್ರದ ಲೆಕ್ಕ ಮಾತ್ರ ಕದಲಲಿಲ್ಲ.

ರಾಜ್ಯದ ಅನ್ನಭಾಗ್ಯದ ಕತೆಯೂ ಏರಿಳಿತದ್ದೇ. 2013ರ ಜುಲೈಯಲ್ಲಿ ಕಿಲೊಗೆ ಒಂದು ರೂಪಾಯಿ, 2015ರಲ್ಲಿ ಉಚಿತ, 2017ರಲ್ಲಿ ತಲಾ 7 ಕಿಲೊ. 2023ರಲ್ಲಿ 10 ಕಿಲೊದ ಭರವಸೆ ಕೊಟ್ಟಾಗ ಕೇಂದ್ರವು ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಹೆಚ್ಚುವರಿ 5 ಕಿಲೊ ಬದಲು ಕಿಲೊಗೆ 34ರಂತೆ ತಲಾ 170 ರೂಪಾಯಿ ಖಾತೆಗೆ ಹಾಕಲಾಯಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡಲು ತೀರ್ಮಾನವಾಯಿತು.

'ಅನ್ನಭಾಗ್ಯ ಬಂದ ಮೇಲೆ ಕೂಲಿಯಾಳುಗಳು ಸೋಮಾರಿಗಳಾದರು' ಎಂಬ ಮಾತು ತೋಟದ ಮಾಲಕರಿಂದ ಹಿಡಿದು ಪಟ್ಟಣದ ವಿದ್ಯಾವಂತರ ವರೆಗೆ ಎಲ್ಲರ ಬಾಯಲ್ಲೂ ಇದೆ. ಸರಕಾರವೇ ಹಿಡಿದ 34 ರೂಪಾಯಿ ದರದಲ್ಲಿ 10 ಕಿಲೊ ಅಕ್ಕಿಯ ಬೆಲೆ 340 ರೂಪಾಯಿ. ಒಂದು ದಿನದ ಕೂಲಿಗೂ ಕಡಿಮೆ! ತಿಂಗಳಿಗೆ ಒಂದು ದಿನದ ಕೂಲಿ ಪುಕ್ಕಟೆ ಸಿಕ್ಕಿತೆಂದು ಉಳಿದ 29 ದಿನ ಕೈಕಟ್ಟಿ ಕೂರುವವರನ್ನು ತೋರಿಸಿಕೊಡಲಿ. ಅಷ್ಟಕ್ಕೂ, ಮನೆಯಲ್ಲಿ ಅಕ್ಕಿ ಇದೆಯೆಂಬ ಧೈರ್ಯದಿಂದ ಒಬ್ಬಳು ಕಡಿಮೆ ಕೂಲಿಯ ಕೆಲಸವನ್ನು ನಿರಾಕರಿಸಿದರೆ ಅದನ್ನು ಸೋಮಾರಿತನವೆಂದು ಕರೆಯುವುದೇಕೆ? ಬೆಲೆ ಕುಸಿದಾಗ ಕಾಫಿಯನ್ನು ಗೋದಾಮಿನಲ್ಲಿಟ್ಟು ಕಾಯುವ ಬೆಳೆಗಾರನನ್ನು ನಾವು ಜಾಣನೆನ್ನುತ್ತೇವೆ.

ಪಡಿತರದ ಅಕ್ಕಿ ಮಾರಾಟವಾಗುತ್ತಿದೆ ಎಂಬ ದೂರಿನಲ್ಲಿ ಹುರುಳಿದೆ. ಅದರ ಕಾರಣವನ್ನು ಅಡುಗೆಮನೆಯಲ್ಲಿ ಹುಡುಕಬೇಕು. ಹಾಸನದ್ದು ರಾಗಿಯ ಸೀಮೆ. ದುಡಿಯುವವನ ತಟ್ಟೆಯಲ್ಲಿ ಮುದ್ದೆ ಇಲ್ಲದೆ ಊಟ ಪೂರ್ತಿಯಾಗದು. 2025-26ರ ಹಂಗಾಮಿಗೆ ಕ್ವಿಂಟಾಲ್ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಲಾಗಿದೆ. ಇಲ್ಲಿಯ ರೈತನಿಂದ ಈ ಬೆಲೆಗೆ ಕೊಂಡ ರಾಗಿ ತಪ್ಪದೆ ಪ್ರತಿ ತಿಂಗಳು ಇಲ್ಲಿಯ ನ್ಯಾಯಬೆಲೆ ಅಂಗಡಿಗೇ ಬಂದರೆ ರೈತನಿಗೂ ಕೂಲಿಯವನಿಗೂ ಲಾಭ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆಗಳ ಕಿಟ್ ನೀಡಲು ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ನಿರ್ಧರಿಸಿದ್ದು, ಬರೇ ಅಕ್ಕಿಯಿಂದ ಹೊಟ್ಟೆ ತುಂಬದೆಂಬುದನ್ನು ಒಪ್ಪಿಕೊಂಡಂತೆಯೇ ಸರಿ.

ಆದ್ದರಿಂದ ಸರಕಾರ ಮೊದಲು ಮಾಡಬೇಕಾದುದು ವರಮಾನದ ಮಿತಿಯನ್ನು ತಾನೇ ಗೊತ್ತುಪಡಿಸುವ ಕನಿಷ್ಠ ಕೂಲಿಗೆ ಜೋಡಿಸುವುದು. ಕೂಲಿ ಏರಿದಾಗ ಮಿತಿಯೂ ಏರಲಿ. ಯಾರದೇ ಚೀಟಿ ರದ್ದಾಗುವ ಮೊದಲು ನೋಟೀಸು ಅವರ ಕೈಸೇರಲಿ, ಅವರ ಮಾತನ್ನು ಗ್ರಾಮಸಭೆಯಲ್ಲಿ ಕೇಳಲಿ. ಆಹಾರ ಭದ್ರತಾ ಕಾಯ್ದೆಯ 29ನೇ ಕಲಮು ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲೂ ಜಾಗೃತ ಸಮಿತಿ ಇರಬೇಕೆನ್ನುತ್ತದೆ. ಬಡವರಿಗೆ, ಮಹಿಳೆಯರಿಗೆ ಅದರಲ್ಲಿ ಸ್ಥಾನ ಇರಬೇಕೆಂದೂ ಹೇಳುತ್ತದೆ. ತಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ ಎಂದು ಓದುಗರು ಮುಂದಿನ ತಿಂಗಳ ಅಕ್ಕಿ ಬರುವುದರೊಳಗೆ ಪಂಚಾಯತಿನಲ್ಲಿ ವಿಚಾರಿಸಲಿ.